ಓದುಗರ ಪ್ರಶ್ನೆ: ಬಿಳಿ ರಕ್ತಕಣ ಹೆಚ್ಚಿಸುವ ಚುಚ್ಚುಮದ್ದು ಮತ್ತು ಇತರ ಸಂದೇಹಗಳು

ರೋಗನಿರೋಧಕ ಕೋಶಗಳು ಹೇಗೆ ಹೆಚ್ಚುತ್ತವೆ, ಅವುಗಳನ್ನು ಹೆಚ್ಚಿಸುವ ‘ಬೆಳವಣಿಗೆ ಅಂಶ’ಗಳು ಯಾವುವು ಎಂಬುದರ ಸುತ್ತ ಬಂದಿರುವ ಆರು ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಒಂದರ ಉತ್ತರ ಇನ್ನೊಂದಕ್ಕೆ ನೆರವಾಗುವುದರಿಂದ ಎಲ್ಲವನ್ನೂ ಕ್ರಮವಾಗಿ ಓದುವುದು ಒಳ್ಳೆಯದು.

ಪ್ರಶ್ನೆ: ನನ್ನ ತಾಯಿಗೆ ಸ್ತನ ಕ್ಯಾನ್ಸರಿಗಾಗಿ ಕೀಮೋಥೆರಪಿ ನಡೆಯುತ್ತಿದೆ. ಪ್ರತಿ ಸಲವೂ ಕೀಮೋ ಆದ ಮರುದಿನ ಮತ್ತೆ ಆಸ್ಪತ್ರೆಗೆ ಕರೆಸಿ ಹೊಟ್ಟೆಯ ಚರ್ಮದಡಿ ಒಂದು ಚುಚ್ಚುಮದ್ದು ಕೊಡುತ್ತಾರೆ. ಬಿಳಿ ರಕ್ತಕಣ ಹೆಚ್ಚಿಸುವ ಗ್ರೋತ್ ಫ್ಯಾಕ್ಟರ್ ಎನ್ನುತ್ತಾರೆ. ಅದಾದ ಮೇಲೆ ಎರಡು ಮೂರು ದಿನ ಸೊಂಟ, ಬೆನ್ನುಮೂಳೆ ಸಿಡಿಯುವಂತೆ ನೋಯುತ್ತವೆ. ಬೆಳೆಸುವ ಔಷಧ ಕ್ಯಾನ್ಸರನ್ನೂ ಬೆಳೆಸುವುದಿಲ್ಲವೇ? ಕೀಮೋ ದಿನವೇ ಕೊಟ್ಟಿದ್ದರೆ ಓಡಾಟವಾದರೂ ತಪ್ಪುತ್ತಿತ್ತಲ್ಲವೇ?
ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೋವು, ಭಯ, ಓಡಾಟ ಈ ಮೂರಕ್ಕೂ ಕಾರಣ ನಿಮ್ಮ ತಾಯಿಯ ಮೂಳೆಗಳೊಳಗಿನ ಮಜ್ಜೆಯಲ್ಲಿದೆ. ರಕ್ತದಲ್ಲಿರುವ ಬಿಳಿ ಕಣಗಳಲ್ಲಿ ಹೆಚ್ಚಿನವು ನ್ಯೂಟ್ರೋಫಿಲ್‌ಗಳು. ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರ ದೇಹದೊಳಗೆ ನುಗ್ಗಿದಾಗ ಮೊದಲು ಹೋಗಿ ಮುತ್ತುವವು ಇವೇ. ಇವುಗಳ ಆಯುಸ್ಸು ಬಹಳ ಕಡಿಮೆ. ಹಾಗಾಗಿ ಆರೋಗ್ಯವಂತ ವಯಸ್ಕರ ಮಜ್ಜೆಯು ದಿನವೊಂದಕ್ಕೆ ಸುಮಾರು ಹತ್ತು ಸಾವಿರ ಕೋಟಿ ಹೊಸ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತಲೇ ಇರಬೇಕಾಗುತ್ತದೆ. ಇಷ್ಟು ವೇಗವಾಗಿ ಕೋಶಗಳು ಒಡೆದು ಎರಡಾಗುವ ಜಾಗ ದೇಹದಲ್ಲಿ ವಿರಳ. ಕೀಮೋ ಔಷಧಗಳಿಗಾದರೋ ಕ್ಯಾನ್ಸರ್ ಕೋಶ, ಮಜ್ಜೆಯ ಕೋಶ ಎಂಬ ಭೇದ ತಿಳಿಯದು. ವಿಭಜನೆಯಲ್ಲಿ ತೊಡಗಿರುವುದನ್ನೆಲ್ಲ ಅವು ಹೊಡೆಯುತ್ತವೆ. ಅದರ ಫಲವಾಗಿ ಕೀಮೋ ಆದ ಒಂದರಿಂದ ಎರಡು ವಾರದೊಳಗೆ ನ್ಯೂಟ್ರೋಫಿಲ್‌ಗಳ ಸಂಖ್ಯೆ ತಳ ಮುಟ್ಟುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಅವು 1,500ಕ್ಕಿಂತ ಕಡಿಮೆಯಾದರೆ ಕೊರತೆ ಎಂದು ಲೆಕ್ಕ, 500ಕ್ಕಿಂತ ಕೆಳಗಿಳಿದರೆ ಅಪಾಯ. ಆ ಹೊತ್ತಿನಲ್ಲಿ ಜ್ವರ 101 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ನೋಡೋಣ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಹೋಗಬೇಕು.

ನಿಮ್ಮ ತಾಯಿಗೆ ಕೊಡುತ್ತಿರುವುದು ಜಿ-ಸಿಎಸ್‌ಎಫ್ ಎಂಬ ಪ್ರೋಟೀನು. ಪ್ರತಿ ಸರದಿಗೆ ಒಂದೇ ಚುಚ್ಚುಮದ್ದು ಎಂದಿರುವುದರಿಂದ ಅದರ ದೀರ್ಘಕಾಲಿಕ ರೂಪವಾದ ಪೆಗ್‌ಫಿಲ್ಗ್ರಾಸ್ಟಿಮ್ ಇರಬೇಕು. ಫಿಲ್ಗ್ರಾಸ್ಟಿಮ್ ಆಗಿದ್ದರೆ ದಿನವೂ ಕೊಡಬೇಕಾಗುತ್ತಿತ್ತು. ಇದು ಹೊರಗಿನಿಂದ ಬಂದ ವಿಚಿತ್ರ ವಸ್ತುವಲ್ಲ. ಸೋಂಕು ತಗಲಿದಾಗ ನಮ್ಮ ದೇಹವೇ ಇದನ್ನು ಹೆಚ್ಚಾಗಿ ತಯಾರಿಸಿ ಮಜ್ಜೆಗೆ ಸುದ್ದಿ ಮುಟ್ಟಿಸುತ್ತದೆ. ಸುದ್ದಿ ಮುಟ್ಟಿತೆಂದರೆ ಎಳೆಯ ಕೋಶಗಳು ಇನ್ನೂ ಕೆಲವು ಬಾರಿ ಹೆಚ್ಚಾಗಿ ವಿಭಜನೆಗೊಳ್ಳುತ್ತವೆ; ಬಲಿತು ರಕ್ತಕ್ಕಿಳಿಯಲು ಸಾಮಾನ್ಯವಾಗಿ ಹಿಡಿಯುವ ನಾಲ್ಕೈದು ದಿನಗಳ ಅವಧಿ ಸುಮಾರು ಒಂದು ದಿನಕ್ಕೆ ಇಳಿಯುತ್ತದೆ. ವಯಸ್ಕರಲ್ಲಿ ಈ ಕೆಲಸ ನಡೆಯುವ ಕೆಂಪು ಮಜ್ಜೆ ಇರುವುದು ಮುಖ್ಯವಾಗಿ ಸೊಂಟದ ಮೂಳೆ, ಬೆನ್ನುಮೂಳೆ, ಎದೆಮೂಳೆ, ಪಕ್ಕೆಲುಬುಗಳಲ್ಲಿ. ಮೂಳೆಯ ಗೋಡೆ ಹಿಗ್ಗುವುದಿಲ್ಲ, ಒಳಗಿನ ಜನಸಂಖ್ಯೆ ಮಾತ್ರ ಏರುತ್ತದೆ. ತಾಯಿಯವರಿಗೆ ಅಲ್ಲಲ್ಲೇ ನೋವು ಬರುವುದು ಇದರಿಂದ. ಪ್ಯಾರಾಸಿಟಮಾಲ್‌ನಂಥ ಮಾತ್ರೆಗೆ ಈ ನೋವು ಸಾಮಾನ್ಯವಾಗಿ ಬಗ್ಗುತ್ತದೆ. ಆದರೆ ಅದು ಜ್ವರವನ್ನೂ ಮುಚ್ಚಿಡಬಲ್ಲದು. ಆದ್ದರಿಂದ ಮಾತ್ರೆ ನುಂಗುವ ಮುನ್ನ ಜ್ವರ ಅಳೆದು ಬರೆದಿಟ್ಟುಕೊಳ್ಳಿ, ವೈದ್ಯರನ್ನು ಕೇಳಿಯೇ ಕೊಡಿ. ನೋವು ಎಡಪಕ್ಕೆಯ ಕೆಳಗೆ ಅಥವಾ ಎಡ ಭುಜದ ತುದಿಯಲ್ಲಿ ಬಂದರೆ ಮಾತ್ರ ಅದು ಮೂಳೆಯ ನೋವೆಂದು ಸುಮ್ಮನಿರಬಾರದು. ಅಪರೂಪಕ್ಕೆ ಗುಲ್ಮ ಊದಿಕೊಳ್ಳುವುದುಂಟು.

ಇನ್ನು, ಕ್ಯಾನ್ಸರನ್ನೂ ಬೆಳೆಸದೇ ಎಂಬ ಭಯ. ಬೆಳವಣಿಗೆ ಅಂಶವು ಎದುರಿಗೆ ಸಿಕ್ಕಿದ್ದಕ್ಕೆಲ್ಲ ಬೀಳುವ ಮಳೆಯಂಥದ್ದಲ್ಲ. ಅದನ್ನು ಹಿಡಿದುಕೊಳ್ಳುವ ಗ್ರಾಹಕ ಯಾವ ಕೋಶದ ಮೈಮೇಲೆ ಇದೆಯೋ ಅದಕ್ಕೆ ಮಾತ್ರ ಅದರ ಮಾತು ಕೇಳಿಸುತ್ತದೆ. ಜೀವಶಾಸ್ತ್ರದ ಈ ಗ್ರಾಹಕ ಅಂಗಡಿಯ ಗಿರಾಕಿಯಲ್ಲ, ಕೋಶದ ಪೊರೆಯಲ್ಲಿ ನೆಟ್ಟ ಪ್ರೋಟೀನು. ಈ ಪದವನ್ನು ಯಾರು ಆರಿಸಿದರೋ, ಮೊದಲ ಸಲ ಓದುವವರಿಗೆ ಗೊಂದಲವಾಗದೆ ಇರದು. ಜಿ-ಸಿಎಸ್‌ಎಫ್‌ನ ಗ್ರಾಹಕ ಬಹುಪಾಲು ನ್ಯೂಟ್ರೋಫಿಲ್‌ಗಳ ವಂಶದ ಕೋಶಗಳಲ್ಲಿರುತ್ತದೆ. ಹೀಗಾಗಿಯೇ ಸ್ತನ ಕ್ಯಾನ್ಸರಿನಂಥ ಗಡ್ಡೆಗಳ ಚಿಕಿತ್ಸೆಯಲ್ಲಿ ಇದನ್ನು ಮೂರು ದಶಕಗಳಿಂದ ಧೈರ್ಯವಾಗಿ ಬಳಸುತ್ತಿದ್ದಾರೆ. ಮಜ್ಜೆಯಲ್ಲೇ ಹುಟ್ಟುವ ಮೈಲಾಯ್ಡ್ ರಕ್ತಕ್ಯಾನ್ಸರಿನ ಮಾತು ಬೇರೆ. ಆ ಕೋಶಗಳ ಮೇಲೆ ಈ ಗ್ರಾಹಕ ಇರಬಹುದಾದ್ದರಿಂದ ತಜ್ಞರು ಕಾಲ ನೋಡಿ, ಎಚ್ಚರದಿಂದ ಕೊಡುತ್ತಾರೆ. ಇನ್ನೊಂದು ವಿಷಯವನ್ನೂ ಮರೆಮಾಚಬಾರದು: ಸ್ತನ ಮತ್ತು ಶ್ವಾಸಕೋಶದ ಕ್ಯಾನ್ಸರಿಗೆ ಕೀಮೋ, ವಿಕಿರಣಗಳ ಜೊತೆ ಇದನ್ನು ಪಡೆದವರಲ್ಲಿ ಮುಂದೆ ಮಜ್ಜೆಯ ಕಾಯಿಲೆ ಬರುವ ಸಣ್ಣ ಅಪಾಯದ ಬಗ್ಗೆ ಔಷಧದ ಮಾಹಿತಿಪತ್ರದಲ್ಲೇ ಎಚ್ಚರಿಕೆ ಇದೆ. ಕೀಮೋ ಔಷಧಗಳಿಗೂ ಅಂಥದೇ ಅಪಾಯ ಇರುವುದರಿಂದ ಎರಡನ್ನೂ ಬೇರ್ಪಡಿಸಿ ತೂಗುವುದು ಕಷ್ಟ. ತಳಮುಟ್ಟಿದ ನ್ಯೂಟ್ರೋಫಿಲ್‌ಗಳೊಡನೆ ಸೋಂಕು ತಗಲಿಸಿಕೊಳ್ಳುವ ಅಪಾಯ ಮಾತ್ರ ಇಂದಿನದು, ಕಣ್ಣೆದುರಿನದು.

ಮರುದಿನವೇ ಏಕೆ ಎಂಬುದಕ್ಕೂ ಈಗ ಉತ್ತರ ಸುಲಭ. ಕೀಮೋ ಇನ್ನೂ ರಕ್ತದಲ್ಲಿರುವಾಗಲೇ ಮಜ್ಜೆಯ ಕೋಶಗಳನ್ನು ವಿಭಜನೆಗೆ ಎಬ್ಬಿಸಿದರೆ ಅವು ಎದ್ದೆದ್ದೇ ಔಷಧದ ಬಾಯಿಗೆ ಬೀಳುತ್ತವೆ. ಹೀಗಾಗಿ ಕನಿಷ್ಠ 24 ಗಂಟೆ ಬಿಟ್ಟು ಕೊಡುವುದು ವಾಡಿಕೆ. ಓಡಾಟ ಕಷ್ಟವಾದರೆ ಊರಿನಲ್ಲೇ ತರಬೇತಿ ಇರುವ ದಾದಿಯರಿಂದ ಕೊಡಿಸಬಹುದೇ ಎಂದು ಕೇಳಿ ನೋಡಿ. ಔಷಧವನ್ನು ಫ್ರಿಜ್ಜಿನ ತಂಪಿನಲ್ಲಿ ಒಯ್ಯಬೇಕು, ಆದರೆ ಹೆಪ್ಪುಗಟ್ಟಲು ಬಿಡಬಾರದು.

ಈ ಔಷಧದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವ ಸಂಗತಿಯೊಂದಿದೆ. ಪೆಗ್‌ಫಿಲ್ಗ್ರಾಸ್ಟಿಮ್‌ನ ಅಣು ದೊಡ್ಡದಾಗಿರುವುದರಿಂದ ಮೂತ್ರಪಿಂಡ ಅದನ್ನು ಸೋಸಿ ಹೊರಹಾಕಲಾರದು. ಅದನ್ನು ರಕ್ತದಿಂದ ತೆಗೆಯುವ ಮುಖ್ಯ ಕೆಲಸ ನ್ಯೂಟ್ರೋಫಿಲ್‌ಗಳದೇ. ಅವು ಕಡಿಮೆ ಇರುವಷ್ಟು ದಿನ ಔಷಧ ರಕ್ತದಲ್ಲಿ ಉಳಿದು ದುಡಿಯುತ್ತದೆ; ಅವು ಸಾಕಷ್ಟು ಹುಟ್ಟಿ ಬಂದ ಮೇಲೆ ತಮ್ಮನ್ನು ಹುಟ್ಟಿಸಿದ ಔಷಧವನ್ನು ತಾವೇ ತಿಂದು ಮುಗಿಸುತ್ತವೆ.

ಇದರ ಹಿಂದಿರುವ ದುಡಿಮೆ ಎರಡು ದಶಕಗಳಿಗೂ ಮೀರಿದ್ದು. ಮಜ್ಜೆಯ ಕೋಶಗಳನ್ನು ಅಗರಿನ ಲೋಳೆಯಲ್ಲಿ ಬಿತ್ತಿದರೆ ಒಂದೊಂದು ಕೋಶವೂ ಒಂದೊಂದು ಗುಂಪಾಗಿ ಬೆಳೆಯಬಲ್ಲದು, ಆದರೆ ಬೇರೆ ಕೋಶಗಳಿಂದ ಒಸರುವ ಏನೋ ಒಂದು ಅಲ್ಲಿರಲೇಬೇಕು ಎಂಬುದನ್ನು ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಪ್ಲುಜ್ನಿಕ್ ಮತ್ತು ಲಿಯೋ ಸ್ಯಾಕ್ಸ್ 1965ರಲ್ಲಿ, ಮೆಲ್ಬರ್ನ್‌ನಲ್ಲಿ ರೇ ಬ್ರಾಡ್ಲಿ ಮತ್ತು ಡೊನಾಲ್ಡ್ ಮೆಟ್‌ಕಾಫ್ 1966ರಲ್ಲಿ, ಬೇರೆ ಬೇರೆಯಾಗಿಯೇ ಕಂಡುಕೊಂಡರು. ಆ ‘ಏನೋ ಒಂದು’ ಎಷ್ಟು ಸೂಕ್ಷ್ಮ ಪ್ರಮಾಣದಲ್ಲಿತ್ತೆಂದರೆ, ಇಲಿಯ ಜಿ-ಸಿಎಸ್‌ಎಫ್ ಅನ್ನು ಶುದ್ಧವಾಗಿ ಬೇರ್ಪಡಿಸುವ ಹೊತ್ತಿಗೆ 1983 ಬಂದಿತ್ತು. ಮಾನವನ ಜೀನು 1986ರಲ್ಲಿ ಕೈಗೆ ಸಿಕ್ಕಿತು, 1991ರಲ್ಲಿ ಫಿಲ್ಗ್ರಾಸ್ಟಿಮ್ ಔಷಧವಾಗಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಇಂದು ಅದನ್ನು ತಯಾರಿಸುವುದು ಜೀನು ಸೇರಿಸಿದ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ. ಬೆಂಗಳೂರಿನ ಬಯೋಕಾನ್ ತನ್ನ ಪಾಲುದಾರ ಮೈಲಾನ್ ಜೊತೆ ರೂಪಿಸಿದ ಪೆಗ್‌ಫಿಲ್ಗ್ರಾಸ್ಟಿಮ್‌ಗೆ 2018ರ ಜೂನ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೂಲ ಪೆಗ್‌ಫಿಲ್ಗ್ರಾಸ್ಟಿಮ್‌ಗೆ ಸಾಟಿಯಾದ ಜೈವಿಕ ಔಷಧವೆಂದು ಅಲ್ಲಿ ಅನುಮತಿ ಪಡೆದವುಗಳಲ್ಲಿ ಅದೇ ಮೊದಲನೆಯದು.

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿನಿ. ಇಂಟರ್‌ಲ್ಯೂಕಿನ್-2 ಎಂಬುದು ಟಿ ಕೋಶಗಳ ಬೆಳವಣಿಗೆ ಅಂಶ ಎಂದು ಪಠ್ಯದಲ್ಲಿದೆ. ಆದರೆ ಅದರ ಜೀನನ್ನು ತೆಗೆದುಹಾಕಿದ ಇಲಿಗಳಿಗೆ ಟಿ ಕೋಶಗಳ ಕೊರತೆ ಬರುವ ಬದಲು, ಅವುಗಳ ರೋಗನಿರೋಧಕ ವ್ಯವಸ್ಥೆಯೇ ಅವುಗಳ ಮೈಮೇಲೆ ತಿರುಗಿಬಿತ್ತು ಎಂದೂ ಇದೆ. ಎರಡೂ ಹೇಗೆ ನಿಜವಾಗಲು ಸಾಧ್ಯ?
ಓದುಗರೊಬ್ಬರು, ಧಾರವಾಡ

ಉತ್ತರ: ಈ ಪ್ರಶ್ನೆ ನಿಮ್ಮೊಬ್ಬರದಲ್ಲ. ಇಡೀ ಕ್ಷೇತ್ರ 1990ರ ದಶಕದಲ್ಲಿ ಇದೇ ಪ್ರಶ್ನೆಯ ಮುಂದೆ ತಬ್ಬಿಬ್ಬಾಗಿ ನಿಂತಿತ್ತು.

ಮೊದಲು ಹಿನ್ನೆಲೆ. ಟಿ ಕೋಶಗಳೆಂದರೆ ರೋಗಾಣುಗಳನ್ನು ಗುರುತಿಸಿ ಎದುರಿಸುವ ಒಂದು ಬಗೆಯ ಬಿಳಿ ರಕ್ತಕಣಗಳು; ಇವು ದುಗ್ಧಕೋಶಗಳೆಂಬ ಬಳಗಕ್ಕೆ ಸೇರಿದವು. ರಾಜ್ಮಾ ಕಾಳಿನಲ್ಲಿರುವ ಒಂದು ಪ್ರೋಟೀನು ಮಾನವನ ದುಗ್ಧಕೋಶಗಳನ್ನು ವಿಭಜನೆಗೆ ಎಬ್ಬಿಸುತ್ತದೆಂದು 1960ರಲ್ಲಿ ಪೀಟರ್ ನೋವೆಲ್ ತೋರಿಸಿದರು. ಆದರೆ ಎದ್ದ ಕೋಶಗಳು ಕೆಲವೇ ದಿನಗಳಲ್ಲಿ ಸೋತು ಸಾಯುತ್ತಿದ್ದವು. 1976ರಲ್ಲಿ ಅಮೆರಿಕದ ರಾಬರ್ಟ್ ಗ್ಯಾಲೋ ಅವರ ಪ್ರಯೋಗಾಲಯದಲ್ಲಿ ಡೋರಿಸ್ ಮಾರ್ಗನ್ ಮತ್ತು ಫ್ರಾನ್ಸಿಸ್ ರುಸೆಟ್ಟಿ, ಹೀಗೆ ರಾಜ್ಮಾ ಪ್ರೋಟೀನಿನಿಂದ ಕೆರಳಿದ ಕೋಶಗಳು ಬದುಕಿದ್ದ ದ್ರವವನ್ನು ಎರೆದು ಟಿ ಕೋಶಗಳನ್ನು ತಿಂಗಳುಗಟ್ಟಲೆ ಬೆಳೆಸಿದರು. ಆ ದ್ರವದಲ್ಲಿದ್ದುದೇ ಮುಂದೆ ಇಂಟರ್‌ಲ್ಯೂಕಿನ್-2, ಚುಟುಕಾಗಿ ಐಎಲ್-2 ಎನಿಸಿಕೊಂಡಿತು. 1983ರಲ್ಲಿ ಜಪಾನಿನ ತದತ್ಸುಗು ತನಿಗುಚಿ ಅದರ ಜೀನನ್ನು ಪ್ರತ್ಯೇಕಿಸಿದರು. ಟಿ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವ ಈ ವಿದ್ಯೆ ಸಿಕ್ಕಿರದಿದ್ದರೆ 1980ರ ದಶಕದ ಆದಿಯಲ್ಲಿ ಏಡ್ಸ್ ವೈರಸ್ಸನ್ನು ಹಿಡಿಯುವುದು ಬಹಳ ತಡವಾಗುತ್ತಿತ್ತು.

ಈಗ ದೇಹದೊಳಗೆ ನಡೆಯುವುದನ್ನು ನೋಡೋಣ. ನಿರ್ದಿಷ್ಟವಾದ ಒಂದು ರೋಗಾಣುವಿನ ತುಣುಕನ್ನು ಗುರುತಿಸಬಲ್ಲ ಟಿ ಕೋಶಗಳು ಒಟ್ಟು ಟಿ ಕೋಶಗಳಲ್ಲಿ ಲಕ್ಷಕ್ಕೆ ಒಂದು, ಕೆಲವೊಮ್ಮೆ ಹತ್ತು ಲಕ್ಷಕ್ಕೆ ಒಂದು. ಅಷ್ಟರಿಂದ ಯುದ್ಧ ಸಾಧ್ಯವಿಲ್ಲ, ಆದ್ದರಿಂದ ಆ ಒಂದು ಕೋಶ ಸಾವಿರವಾಗಬೇಕು, ಲಕ್ಷವಾಗಬೇಕು. ಹತ್ತು ಸಲ ಇಮ್ಮಡಿಯಾದರೆ 1,024, ಇಪ್ಪತ್ತು ಸಲವಾದರೆ ಹತ್ತು ಲಕ್ಷಕ್ಕೂ ಮೇಲು. ಕೆರಳಿದ ಟಿ ಕೋಶ ದಿನಕ್ಕೆ ಎರಡು ಮೂರು ಬಾರಿ ವಿಭಜನೆಗೊಳ್ಳಬಲ್ಲದಾದ್ದರಿಂದ ಇದು ಒಂದು ವಾರದ ಕೆಲಸ. ಇಷ್ಟು ಪ್ರಬಲವಾದ ಶಕ್ತಿಯನ್ನು ಯಾವ ಬೀಗವೂ ಇಲ್ಲದೆ ಬಿಡುವಂತಿಲ್ಲ. ಟಿ ಕೋಶ ಮೊದಲು ತನ್ನ ರೋಗಾಣುವಿನ ತುಣುಕನ್ನು ಗುರುತಿಸಬೇಕು. ತುಣುಕನ್ನು ಹೊತ್ತು ತಂದ ಕೋಶದಿಂದ ಎರಡನೆಯ ಸಂಕೇತವೊಂದು ಸಿಗಬೇಕು. ಎರಡೂ ಸೇರಿದಾಗ ಮಾತ್ರ ಅದು ಐಎಲ್-2 ತಯಾರಿಸತೊಡಗುತ್ತದೆ, ಜೊತೆಗೆ ಅದನ್ನು ಹಿಡಿಯುವ ಗ್ರಾಹಕದ ಆಲ್ಫಾ ಎಂಬ ತುಂಡನ್ನೂ ಹೊರಗಿಡುತ್ತದೆ. ವಿಶ್ರಾಂತಿಯಲ್ಲಿರುವ ಕೋಶದಲ್ಲಿ ಬೀಟಾ, ಗಾಮಾ ಎಂಬ ತುಂಡುಗಳಷ್ಟೇ ಇರಬಹುದು. ಆಲ್ಫಾ ಬಂದು ಸೇರಿದರೆ ಗ್ರಾಹಕದ ಹಿಡಿತ ಸುಮಾರು ನೂರು ಪಟ್ಟು ಬಿಗಿಯಾಗುತ್ತದೆ. ಹೀಗೆ ತಾನೇ ತಯಾರಿಸಿದ್ದನ್ನು ತಾನೇ ಕುಡಿದು ಕೋಶ ಬೆಳೆಯುತ್ತದೆ. ಐಎಲ್-2ರ ಸಾಂದ್ರತೆ, ಗ್ರಾಹಕಗಳ ಸಂಖ್ಯೆ ಮತ್ತು ಇವೆರಡರ ಒಡನಾಟ ಎಷ್ಟು ಹೊತ್ತು ನಡೆಯಿತು ಎಂಬ ಅವಧಿ ಸೇರಿ ಕೋಶ ವಿಭಜನೆಗೊಳ್ಳುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತವೆ ಎಂದು ಡೊರೀನ್ ಕ್ಯಾಂಟ್ರೆಲ್ ಮತ್ತು ಕೆಂಡಲ್ ಸ್ಮಿತ್ 1984ರಲ್ಲಿ ತೋರಿಸಿದರು. ಒಳಗೆ ಜ್ಯಾಕ್ ಎಂಬ ಕಿಣ್ವಗಳು ಸ್ಟ್ಯಾಟ್-5 ಎಂಬ ಪ್ರೋಟೀನನ್ನು ಎಚ್ಚರಿಸುತ್ತವೆ, ಅದು ಕೋಶಕೇಂದ್ರಕ್ಕೆ ಹೋಗಿ ಜೀನುಗಳನ್ನು ತೆರೆಯುತ್ತದೆ.

ಇಷ್ಟನ್ನು ಓದಿದವರು ಐಎಲ್-2 ಇಲ್ಲದ ಇಲಿಗೆ ಟಿ ಕೋಶಗಳೇ ಇರುವುದಿಲ್ಲ ಎಂದು ಊಹಿಸುವುದು ಸಹಜ. 1991ರಲ್ಲಿ ಜರ್ಮನಿಯಲ್ಲಿ ಅಂಥ ಇಲಿಗಳನ್ನು ಸೃಷ್ಟಿಸಿ ನೋಡಿದಾಗ ಟಿ ಕೋಶಗಳು ಮೇಲ್ನೋಟಕ್ಕೆ ಸರಿಯಾಗಿಯೇ ಇದ್ದವು. ಎರಡು ವರ್ಷಗಳ ನಂತರ ಪ್ರಕಟವಾದ ವರದಿಯ ಪ್ರಕಾರ ಆ ಇಲಿಗಳ ದೊಡ್ಡ ಕರುಳಿನಲ್ಲಿ ತೀವ್ರ ಉರಿಯೂತವಿತ್ತು. ಅಂದರೆ ಬೆಳೆಸುವುದನ್ನು ತೆಗೆದಿದ್ದರಿಂದ ಬೆಳೆ ಅಡಗುವ ಬದಲು ಅಂಕೆ ಮೀರಿತ್ತು.

ಇದಕ್ಕೆ ಕೀಲಿ ಸಿಕ್ಕಿದ್ದು ಜಪಾನಿನ ಶಿಮೊನ್ ಸಕಾಗುಚಿ ಅವರ 1995ರ ಕೆಲಸದಿಂದ. ಟಿ ಕೋಶಗಳಲ್ಲಿ ಒಂದು ಸಣ್ಣ ಪಂಗಡ ಯಾವ ಕೆರಳಿಕೆಯೂ ಇಲ್ಲದೆ ಸದಾ ಆಲ್ಫಾ ತುಂಡನ್ನು ಹೊತ್ತಿರುತ್ತದೆ. ಇವು ಬೇರೆ ಟಿ ಕೋಶಗಳನ್ನು ಹದ್ದಿನಲ್ಲಿಡುವ ನಿಯಂತ್ರಕ ಟಿ ಕೋಶಗಳು. 2001ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಗುರುತಿಸಿದ ಫಾಕ್ಸ್‌ಪಿ-3 ಎಂಬ ಜೀನು ಇವುಗಳ ಗುರುತಿನ ಚೀಟಿಯೆಂದು ಬಳಿಕ ತಿಳಿಯಿತು. ಈ ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಬಂದಿದೆ. ನಿಯಂತ್ರಕ ಕೋಶಗಳು ತಾವಾಗಿ ಐಎಲ್-2 ತಯಾರಿಸಲಾರವು, ಆದರೆ ಬದುಕಲು ಅವಕ್ಕೆ ಅದು ಬೇಕೇ ಬೇಕು. ಬಿಗಿ ಹಿಡಿತದ ಗ್ರಾಹಕ ಇರುವುದರಿಂದ ಬೇರೆಯವರು ಸುರಿಸಿದ್ದನ್ನು ಮೊದಲು ಹೀರಿಕೊಳ್ಳುವವೂ ಅವೇ. ಐಎಲ್-2 ಸಂಪೂರ್ಣ ಇಲ್ಲವಾದಾಗ ಮೊದಲು ಹಸಿವಿನಿಂದ ಕೆಡುವುದು ಕಾವಲುಗಾರರು. ಉಳಿದ ಟಿ ಕೋಶಗಳು ಐಎಲ್-7, ಐಎಲ್-15 ಮುಂತಾದ ಅಣ್ಣತಮ್ಮಂದಿರ ನೆರವಿನಿಂದ ಹೇಗೋ ಬದುಕಿಕೊಂಡು, ಹೇಳುವವರು ಕೇಳುವವರು ಇಲ್ಲದೆ ಹೆಚ್ಚುತ್ತವೆ. ಇದಲ್ಲದೆ, ಪದೇ ಪದೇ ಕೆರಳಿದ ಟಿ ಕೋಶಗಳನ್ನು ಸಾವಿಗೆ ಅಣಿಗೊಳಿಸುವುದರಲ್ಲೂ ಐಎಲ್-2ರ ಪಾತ್ರವಿದೆ.

ಆ ಅಣ್ಣತಮ್ಮಂದಿರ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಗಾಮಾ ತುಂಡು ಐಎಲ್-2, 4, 7, 9, 15, 21 ಈ ಆರರ ಗ್ರಾಹಕಗಳಿಗೂ ಸಾಮಾನ್ಯ. ಅದರ ಜೀನು ಎಕ್ಸ್ ವರ್ಣತಂತುವಿನಲ್ಲಿದೆ. ಅದು ಕೆಟ್ಟು ಹುಟ್ಟಿದ ಗಂಡುಮಕ್ಕಳಿಗೆ ಟಿ ಕೋಶಗಳೂ ಇರುವುದಿಲ್ಲ, ಸೋಂಕಿತ ಕೋಶಗಳನ್ನು ಕೊಲ್ಲುವ ಸಹಜ ಮಾರಕ ಕೋಶಗಳೂ ಇರುವುದಿಲ್ಲ. ಪ್ರತಿಕಾಯ ತಯಾರಿಸುವ ಬಿ ಕೋಶಗಳು ಇದ್ದರೂ ಕೆಲಸಕ್ಕೆ ಬಾರವು. 1971ರಲ್ಲಿ ಹುಟ್ಟಿ, ರೋಗಾಣುರಹಿತ ಪ್ಲಾಸ್ಟಿಕ್ ಕೋಣೆಯೊಳಗೇ ಬಾಳಿ, 1984ರಲ್ಲಿ ತೀರಿಕೊಂಡ ಅಮೆರಿಕದ ಟೆಕ್ಸಾಸಿನ ಡೇವಿಡ್ ವೆಟರ್ ಎಂಬ ಬಾಲಕನಿಗೆ ಇದ್ದ ಕಾಯಿಲೆ ಇದೇ. ಆತನ ಜೀವಿತಾವಧಿಯಲ್ಲಿ ಕಾರಣ ತಿಳಿದಿರಲಿಲ್ಲ; ಗಾಮಾ ತುಂಡಿನ ದೋಷವೇ ಈ ಕಾಯಿಲೆಯ ಮೂಲವೆಂದು ಗೊತ್ತಾದದ್ದು 1993ರಲ್ಲಿ. ಒಂದು ಅಂಶ ಹೋದರೆ ಅಂಕೆ ತಪ್ಪುತ್ತದೆ, ಆರೂ ಅಂಶಗಳ ಕಿವಿ ಕಿವುಡಾದರೆ ಸೈನ್ಯವೇ ಹುಟ್ಟುವುದಿಲ್ಲ. ಪರೀಕ್ಷೆಯಲ್ಲಿ ಈ ಎರಡನ್ನೂ ಅಕ್ಕಪಕ್ಕ ಇಟ್ಟು ಬರೆದರೆ ನಿಮ್ಮ ಉತ್ತರಕ್ಕೆ ತೂಕ ಬರುತ್ತದೆ.

ಔಷಧವಾಗಿಯೂ ಐಎಲ್-2 ಇದೇ ಇಬ್ಬಗೆಯ ಸ್ವಭಾವ ತೋರಿಸುತ್ತದೆ. ಬಹಳ ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ದಾಳಿ ಮಾಡುವ ಕೋಶಗಳು ಹೆಚ್ಚುತ್ತವೆ. ಹರಡಿದ ಮೂತ್ರಪಿಂಡ ಕ್ಯಾನ್ಸರಿಗೆ 1992ರಲ್ಲಿ ಅಮೆರಿಕದಲ್ಲಿ ಹೀಗೆ ಬಳಸಲು ಅನುಮತಿ ಸಿಕ್ಕಿತು. ನೂರರಲ್ಲಿ ಸುಮಾರು 15 ಮಂದಿಯ ಗಡ್ಡೆ ಕುಗ್ಗಿತು, ಕೆಲವರಲ್ಲಿ ಪೂರ್ತಿ ಮಾಯವಾಯಿತು. ಆದರೆ ರಕ್ತನಾಳಗಳು ಸೋರಿ ರಕ್ತದೊತ್ತಡ ಕುಸಿಯುವುದರಿಂದ ಈ ಚಿಕಿತ್ಸೆ ನಡೆಯಬೇಕಾದದ್ದು ತೀವ್ರ ನಿಗಾ ಘಟಕದ ಸೌಲಭ್ಯವಿರುವಲ್ಲಿ. ಇದೇ ಐಎಲ್-2 ಅನ್ನು ಅತ್ಯಲ್ಪವಾಗಿ ಕೊಟ್ಟರೆ ಬಿಗಿ ಹಿಡಿತದ ಗ್ರಾಹಕವುಳ್ಳ ನಿಯಂತ್ರಕ ಕೋಶಗಳಿಗೆ ಮಾತ್ರ ಅದು ದಕ್ಕುತ್ತದೆ. ಕಸಿಯಾದ ಮಜ್ಜೆ ರೋಗಿಯ ದೇಹದ ಮೇಲೆ ತಿರುಗಿಬಿದ್ದಾಗ ಅದನ್ನು ಶಮನ ಮಾಡಲು ಹೀಗೆ ಬಳಸಿ ನೋಡಿದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು.

ಪ್ರಶ್ನೆ: ಟಿಜಿಎಫ್-ಬೀಟಾ ಎಂಬುದರ ಹೆಸರಿನಲ್ಲೇ ‘ಬೆಳವಣಿಗೆ ಅಂಶ’ ಎಂದಿದೆ. ಆದರೆ ಅದು ದುಗ್ಧಕೋಶಗಳ ಬೆಳವಣಿಗೆ ತಡೆಯುತ್ತದೆ ಎಂದು ಓದಿದೆ. ಮುದ್ರಣದೋಷವೇ?
ನಿವೃತ್ತ ಶಿಕ್ಷಕರೊಬ್ಬರು, ಉಡುಪಿ

ಉತ್ತರ: ಮುದ್ರಣದೋಷವಲ್ಲ, ನಾಮಕರಣದ ದೋಷ. ಟಿಜಿಎಫ್ ಎಂದರೆ ‘ಮಾರ್ಪಡಿಸುವ ಬೆಳವಣಿಗೆ ಅಂಶ’. ಅಗರಿನ ಲೋಳೆಯಲ್ಲಿ ಬೆಳೆಯಲಾರದ ಸಾಮಾನ್ಯ ಕೋಶಗಳನ್ನು ಕ್ಯಾನ್ಸರ್ ಕೋಶಗಳಂತೆ ಅಲ್ಲಿಯೂ ಬೆಳೆಯುವ ಹಾಗೆ ಮಾರ್ಪಡಿಸುವ ವಸ್ತುವೆಂದು ಇದು 1980ರ ದಶಕದ ಆರಂಭದಲ್ಲಿ ಮೊದಲು ಕಣ್ಣಿಗೆ ಬಿದ್ದಿತು. ಅಮೆರಿಕದಲ್ಲಿ ಅನಿತಾ ರಾಬರ್ಟ್ಸ್ ಮತ್ತು ಮೈಕೆಲ್ ಸ್ಪೋರ್ನ್ ಇದರ ಮೇಲೆ ದುಡಿದವರಲ್ಲಿ ಮುಖ್ಯರು. ಹೆಸರು ಆ ಪ್ರಯೋಗಕ್ಕೆ ಒಪ್ಪುತ್ತಿತ್ತು. ಟಿ ಕೋಶಗಳ ಮೇಲೆ ಹಾಕಿ ನೋಡಿದಾಗ ಅವು ವಿಭಜನೆಯನ್ನೇ ನಿಲ್ಲಿಸಿದವು. ಇದು ಐಎಲ್-2ರ ಜೀನನ್ನು ಮಂಕಾಗಿಸುತ್ತದೆ, ಜೊತೆಗೆ ಕೋಶದ ವಿಭಜನೆಗೆ ತಡೆಯಾಗುವ ಪ್ರೋಟೀನುಗಳನ್ನು ಹೆಚ್ಚಿಸುತ್ತದೆ. ಇದರ ಜೀನನ್ನು ಕಳೆದುಕೊಂಡ ಇಲಿಮರಿಗಳು ಹುಟ್ಟಿದಾಗ ಚೆನ್ನಾಗಿಯೇ ಇದ್ದು, ಸುಮಾರು ಮೂರು ವಾರಗಳ ಹೊತ್ತಿಗೆ ಹೃದಯ, ಶ್ವಾಸಕೋಶ ಮುಂತಾದ ಅಂಗಗಳಲ್ಲೆಲ್ಲ ಬಿಳಿ ರಕ್ತಕಣಗಳು ತುಂಬಿ ಸತ್ತುಹೋದವೆಂದು 1992ರಲ್ಲಿ ವರದಿಯಾಯಿತು. ಕೆಲವು ಗಡ್ಡೆಗಳು ಇದನ್ನು ಹೇರಳವಾಗಿ ಸುರಿಸಿ, ತಮ್ಮನ್ನು ಕೊಲ್ಲಬಂದ ಟಿ ಕೋಶಗಳನ್ನು ಸುಮ್ಮನಾಗಿಸುತ್ತವೆ. ಅದೇ ಅಣು ಗಾಯದಲ್ಲಿ ನಾರುಕೋಶಗಳನ್ನು ಕರೆತಂದು ಕಲೆ ಕಟ್ಟಲು ನೆರವಾಗುತ್ತದೆ. ಒಂದು ಅಣುವಿನ ಗುಣವನ್ನು ಅದರ ಹೆಸರಿನಿಂದ ಊಹಿಸದೆ, ಯಾವ ಕೋಶ, ಯಾವ ಹೊತ್ತು ಎಂದು ಕೇಳಬೇಕಾಗುತ್ತದೆ. ನೀವು ತರಗತಿಯಲ್ಲಿ ಇದನ್ನು ಹೇಳುವುದಾದರೆ ‘ಬೆಳವಣಿಗೆಯನ್ನು ತಿದ್ದುವ ಅಂಶ’ ಎಂದರೆ ಸತ್ಯಕ್ಕೆ ಹತ್ತಿರವಾಗುತ್ತದೆ.

ಪ್ರಶ್ನೆ: ನನ್ನ ತಮ್ಮನಿಗೆ ಮೂತ್ರಪಿಂಡ ಕಸಿಯಾಗಿ ಎರಡು ವರ್ಷವಾಯಿತು. ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್ ಎಂಬ ಮಾತ್ರೆಗಳು ನಡೆಯುತ್ತಿವೆ. ಎರಡೂ ರೋಗನಿರೋಧಕ ಶಕ್ತಿ ಕುಗ್ಗಿಸುವುದಕ್ಕೇ ಇದ್ದರೆ ಒಂದು ಸಾಲದೇ? ಈಗ ಆರೋಗ್ಯವಾಗಿದ್ದಾನೆ, ನಿಲ್ಲಿಸಬಾರದೇ?
ಓದುಗರೊಬ್ಬರು, ಮೈಸೂರು

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಆರೋಗ್ಯವಾಗಿರುವುದು ಮಾತ್ರೆಗಳಿಂದಲೇ. ಕಸಿಯಾದ ಅಂಗ ಎಷ್ಟು ವರ್ಷವಾದರೂ ಟಿ ಕೋಶಗಳ ಪಾಲಿಗೆ ಪರಕೀಯವೇ, ಅವುಗಳಿಗೆ ಅದು ರೂಢಿಯಾಗುವುದು ಬಹಳ ಅಪರೂಪ.

ಧಾರವಾಡದ ವಿದ್ಯಾರ್ಥಿನಿಗೆ ಹೇಳಿದ ಸರಪಳಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಟಿ ಕೋಶ ಪರಕೀಯವನ್ನು ಗುರುತಿಸಿದೊಡನೆ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಚುರುಕಾಗಿ ಐಎಲ್-2ರ ಜೀನನ್ನು ತೆರೆಸುತ್ತದೆ. ಟ್ಯಾಕ್ರೋಲಿಮಸ್ ಆ ಕಿಣ್ವವನ್ನು ಕಟ್ಟಿಹಾಕುತ್ತದೆ, ಆದ್ದರಿಂದ ಬೆಳವಣಿಗೆ ಅಂಶ ಹುಟ್ಟುವುದೇ ಇಲ್ಲ. ಅದಕ್ಕೂ ಹಿಂದಿನ ಸೈಕ್ಲೋಸ್ಪೋರಿನ್ ಮಾಡುತ್ತಿದ್ದುದೂ ಇದನ್ನೇ. ಕಸಿಯಾದ ದಿನ ಮತ್ತು ನಾಲ್ಕನೆಯ ದಿನ ಕೆಲವರಿಗೆ ಕೊಡುವ ಬ್ಯಾಸಿಲಿಕ್ಸಿಮ್ಯಾಬ್ ಗ್ರಾಹಕದ ಆಲ್ಫಾ ತುಂಡನ್ನು ಮುಚ್ಚುತ್ತದೆ. ಸಿರೋಲಿಮಸ್ ಇನ್ನೂ ಮುಂದಿನ ಕೊಂಡಿಗೆ ಕೈ ಹಾಕುತ್ತದೆ: ಐಎಲ್-2 ಬಂದು ಗ್ರಾಹಕಕ್ಕೆ ಅಂಟಿದರೂ ‘ಬೆಳೆ’ ಎಂಬ ಆಜ್ಞೆ ಒಳಗೆ ತಲುಪದಂತೆ ಮಾಡುತ್ತದೆ. ಮೈಕೋಫಿನೋಲೇಟ್ ಕೊನೆಯ ಕೊಂಡಿಯಲ್ಲಿದೆ. ವಿಭಜನೆಗೊಳ್ಳಲು ಡಿಎನ್‌ಎಯ ಹೊಸ ಪ್ರತಿ ಬೇಕು, ಅದಕ್ಕೆ ಬೇಕಾದ ಗ್ವಾನೀನ್ ಘಟಕಗಳನ್ನು ದುಗ್ಧಕೋಶಗಳು ಬಹುಮಟ್ಟಿಗೆ ಹೊಸದಾಗಿಯೇ ತಯಾರಿಸಿಕೊಳ್ಳಬೇಕು, ಆ ತಯಾರಿಕೆಯನ್ನು ಇದು ತಡೆಯುತ್ತದೆ. ಒಂದೇ ಔಷಧದಿಂದ ಇಡೀ ಸರಪಳಿಯನ್ನು ತುಂಡರಿಸಲು ಹೊರಟರೆ ಅದರ ಪ್ರಮಾಣ ವಿಷವಾಗುವಷ್ಟು ಏರಬೇಕಾಗುತ್ತದೆ. ಟ್ಯಾಕ್ರೋಲಿಮಸ್ ಹೆಚ್ಚಾದರೆ ಉಳಿಸಬೇಕಾದ ಮೂತ್ರಪಿಂಡಕ್ಕೇ ಹಾನಿ. ಎರಡು ಮೂರು ಕಡೆ ಸ್ವಲ್ಪ ಸ್ವಲ್ಪ ತಡೆದರೆ ಕೆಲಸವೂ ಆಗುತ್ತದೆ, ಹಾನಿಯೂ ಕಡಿಮೆ.

ಈ ಮದ್ದುಗಳಲ್ಲಿ ಮೂರು ಮಣ್ಣಿನಲ್ಲಿ ಸಿಕ್ಕಿದವು ಎಂಬುದು ಒಂದು ವಿಶೇಷ. ಸೈಕ್ಲೋಸ್ಪೋರಿನ್ ಕೊಟ್ಟ ಶಿಲೀಂಧ್ರ ಬಂದದ್ದು ನಾರ್ವೆಯ ಹಾರ್ಡಾಂಗರ್ ಪ್ರಸ್ಥಭೂಮಿಯ ಹಿಡಿ ಮಣ್ಣಿನಲ್ಲಿ. ಟ್ಯಾಕ್ರೋಲಿಮಸ್ ಸಿಕ್ಕಿದ್ದು 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾದಿಂದ. ಸಿರೋಲಿಮಸ್‌ನ ಮೂಲ 1964ರಲ್ಲಿ ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದಿಂದ ತಂದ ಮಣ್ಣು.

ತಮ್ಮನಿಗೆ ಹೇಳಬೇಕಾದ ಎರಡು ಮಾತು. ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟ ನೋಡುವ ದಿನ ಬೆಳಗಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆಯೇ ನುಂಗಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಹಾಗೆಯೇ ಗ್ರೇಪ್‌ಫ್ರೂಟ್ ಹಣ್ಣು ಈ ಔಷಧವನ್ನು ಒಡೆಯುವ ಕಿಣ್ವವನ್ನು ತಡೆದು ರಕ್ತದಲ್ಲಿ ಅದರ ಮಟ್ಟವನ್ನು ಏರಿಸುತ್ತದೆ. ಅದರ ಹತ್ತಿರದ ಬಳಗದ ಚಕ್ಕೋತದಿಂದಲೂ ಹೀಗಾದ ಉದಾಹರಣೆ ಇದೆ. ದೇವನಹಳ್ಳಿಯ ಚಕ್ಕೋತ ಎಷ್ಟೇ ರುಚಿಯಾಗಿರಲಿ, ಅವರ ಪಾಲಿಗೆ ಬೇಡ.

ಪ್ರಶ್ನೆ: ನನ್ನ ರಕ್ತಪರೀಕ್ಷೆಯಲ್ಲಿ ಇಯೋಸಿನೊಫಿಲ್ ಹೆಚ್ಚೆಂದು ಬಂದಿದೆ, ದಮ್ಮು ಇದೆ. ಇದಕ್ಕೂ ಬೆಳವಣಿಗೆ ಅಂಶವೇ ಕಾರಣವೇ?
ಓದುಗರೊಬ್ಬರು, ಕಲಬುರಗಿ

ಉತ್ತರ: ಹೌದು. ಇಯೋಸಿನೊಫಿಲ್ ಕೂಡ ಒಂದು ಬಗೆಯ ಬಿಳಿ ರಕ್ತಕಣ; ಅದನ್ನು ಹೆಚ್ಚಿಸುವುದು ಮುಖ್ಯವಾಗಿ ಐಎಲ್-5. ಅಲರ್ಜಿಯಲ್ಲಿ, ಹೊಟ್ಟೆಯ ಹುಳುಗಳ ಸೋಂಕಿನಲ್ಲಿ ಕೆಲವು ಬಗೆಯ ದುಗ್ಧಕೋಶಗಳು ಇದನ್ನು ಸುರಿಸಿ ಮಜ್ಜೆಯಲ್ಲಿ ಇಯೋಸಿನೊಫಿಲ್‌ಗಳನ್ನು ಹೆಚ್ಚಿಸುತ್ತವೆ. ಐಎಲ್-5 ಅನ್ನೇ ಹಿಡಿದು ನಿಷ್ಕ್ರಿಯಗೊಳಿಸುವ ಮೆಪೊಲಿಜುಮ್ಯಾಬ್ ಎಂಬ ಚುಚ್ಚುಮದ್ದು ತೀವ್ರ ಬಗೆಯ ದಮ್ಮಿಗೆ 2015ರಿಂದ ಇದೆ, ಆದರೆ ಬೆಲೆ ಹೆಚ್ಚು. ಅಷ್ಟು ದೂರ ಹೋಗುವ ಮೊದಲು ಮಲಪರೀಕ್ಷೆ ಮಾಡಿಸಿ, ಹುಳು ಇಲ್ಲವೆಂದು ಖಚಿತಪಡಿಸಿಕೊಂಡು, ಸೇದುವ ಔಷಧವನ್ನು ಸರಿಯಾದ ಕ್ರಮದಲ್ಲಿ ತೆಗೆದುಕೊಳ್ಳುತ್ತಿದ್ದೀರಾ ಎಂದು ವೈದ್ಯರಿಗೆ ತೋರಿಸಿ.

ಪ್ರಶ್ನೆ: ‘ಬೆಳವಣಿಗೆ ಅಂಶಗಳಿಂದ ಸಮೃದ್ಧ’ ಎಂಬ ಹೆಸರಿನಲ್ಲಿ ಹಸುವಿನ ಗಿಣ್ಣುಹಾಲಿನ ಪುಡಿ ಮಾರುತ್ತಿದ್ದಾರೆ. ರೋಗನಿರೋಧಕ ಕೋಶಗಳು ಹೆಚ್ಚುತ್ತವಂತೆ. ಕೊಳ್ಳಬಹುದೇ?
ಓದುಗರೊಬ್ಬರು, ತುಮಕೂರು

ಉತ್ತರ: ಗಿಣ್ಣುಹಾಲಿನಲ್ಲಿ ಬೆಳವಣಿಗೆ ಅಂಶಗಳಿರುವುದು ನಿಜ. ಉಡುಪಿಯ ಶಿಕ್ಷಕರು ಕೇಳಿದ ಟಿಜಿಎಫ್-ಬೀಟಾ ಕೂಡ ಅದರಲ್ಲಿದೆ, ಅದು ಟಿ ಕೋಶಗಳನ್ನು ಹೆಚ್ಚಿಸುವುದಿಲ್ಲ, ತಡೆಯುತ್ತದೆ ಎಂಬುದನ್ನು ಮಾರುವವರು ಓದಿದಂತಿಲ್ಲ. ಹುಟ್ಟಿದ ಮೊದಲ ದಿನ ಕರುವಿನ ಕರುಳು ಇಡೀ ಪ್ರೋಟೀನುಗಳನ್ನು ಹಾಗೆಯೇ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ, ತಾಯಿಯ ಪ್ರತಿಕಾಯಗಳು ಅದಕ್ಕೆ ದಕ್ಕುವುದು ಹಾಗೆ. ಬೆಳೆದ ಮನುಷ್ಯನ ಹೊಟ್ಟೆಯಲ್ಲಿ ಇವು ಬೇಳೆಯ ಪ್ರೋಟೀನಿನಂತೆಯೇ ಬಹುಪಾಲು ಜೀರ್ಣವಾಗಿ ಹೋಗುತ್ತವೆ. ಜಿ-ಸಿಎಸ್‌ಎಫ್ ಅನ್ನು ಮಾತ್ರೆಯಾಗಿ ಕೊಡದೆ ಚುಚ್ಚುವುದೂ ಇದೇ ಕಾರಣಕ್ಕೆ. ಮೂತ್ರಪಿಂಡ ಕಸಿಯಾದವರು, ಕೀಮೋ ನಡೆಯುತ್ತಿರುವವರು ಇಂಥ ಪುಡಿಗಳನ್ನು ವೈದ್ಯರಿಗೆ ತಿಳಿಸದೆ ಬಾಯಿಗೆ ಹಾಕಿಕೊಳ್ಳಲೇಬಾರದು. ಉಳಿದವರಿಗೆ ಊರಿನಲ್ಲಿ ಯಾರದಾದರೂ ಹಸು ಕರು ಹಾಕಿದಾಗ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣು ಸಿಕ್ಕರೆ, ರುಚಿಗಾಗಿ ತಿನ್ನಬಹುದು.